ಸೂಜಿ ಒಣ ಕಸವೇ?

ಪುಷ್ಪ ಕಿರುಚಲಿಲ್ಲ.

ಇದನ್ನು ಮೊದಲೇ ಹೇಳಿಬಿಡಬೇಕು. ಈಗ ನಮ್ಮೂರಿನಲ್ಲಿ ಈ ಕಥೆ ಹೇಳುವವರೆಲ್ಲ ಅವಳು ಕಿರುಚಿದಳು, ಚೀಲ ಎಸೆದಳು, ಊರಿಗೆಲ್ಲ ಶಾಪ ಹಾಕಿದಳು ಎನ್ನುತ್ತಿದ್ದಾರೆ. ಆ ಶುಕ್ರವಾರ ಬೆಳಿಗ್ಗೆ ಅಲ್ಲಿ ಇದ್ದವಳು ನಾನೊಬ್ಬಳೇ. ನಾನು ನೋಡಿದ್ದು ಇಷ್ಟು. ನಮ್ಮ ಮನೆ ಎದುರಿನ ನೀರಿನ ಟ್ಯಾಂಕಿನ ಬುಡದಲ್ಲಿ ಬಿದ್ದಿದ್ದ ಒಂದು ಕಸದ ಚೀಲದೊಳಗೆ ಅವಳು ಬಲಗೈ ಹಾಕಿದಳು. ತಟ್ಟನೆ ಹೊರಗೆ ತೆಗೆದಳು. ಹೆಬ್ಬೆರಳಿನ ಬುಡದಲ್ಲಿ ಒಂದು ಸೂಜಿ ನಾಟಿಕೊಂಡಿತ್ತು. ಅದರ ತುದಿಗೆ ಸಣ್ಣ ಸಿರಿಂಜು ಜೋತಾಡುತ್ತಿತ್ತು. ಅವಳು ಅದನ್ನು ಎಡಗೈಯಲ್ಲಿ ಕಿತ್ತಳು. ಬೆರಳ ಬುಡದಲ್ಲಿ ಒಂದು ಹನಿ ರಕ್ತ ಮೇಲಕ್ಕೆ ಬಂತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಅಕ್ಕಾ, ಇದು ಯಾರ್ದು?"

ಅಷ್ಟೇ. ಒಂದು ಸಣ್ಣ ಪ್ರಶ್ನೆ. ಯಾರ ಮನೆಯ ಹಸು ಎಷ್ಟು ಹಾಲು ಕೊಡುತ್ತದೆ, ಯಾರ ಮನೆಗೆ ಯಾವ ನೆಂಟರು ಬಂದರು, ಯಾರ ಬೋರ್‌ವೆಲ್ಲಿನಲ್ಲಿ ನೀರು ಇಳಿಯಿತು ಎಂದು ನಿದ್ದೆಯಲ್ಲೂ ಹೇಳುವ ಊರು ನಮ್ಮದು. ಆ ಊರಿಗೆ ಇದೊಂದು ಮಾತ್ರ ಗೊತ್ತಿರಲಿಲ್ಲ!

ಪುಷ್ಪ ನಮ್ಮ ಪಂಚಾಯ್ತಿಯ ಕಸದ ಗಾಡಿ ಓಡಿಸುವವಳು. ನಮ್ಮೂರಿನ ಸೊಸೆ, ತವರು ತರೀಕೆರೆ ಕಡೆ. ಮಹಿಳಾ ಸಂಘದಿಂದ ಆರಿಸಿ, ಡ್ರೈವಿಂಗ್ ಕಲಿಸಿ, ಲೈಸೆನ್ಸ್ ಮಾಡಿಸಿ, ಯೂನಿಫಾರ್ಮ್ ಕೊಟ್ಟು ಗಾಡಿ ಹತ್ತಿಸಿದ್ದರು. ಜೊತೆಗೊಬ್ಬಳು ಹೆಲ್ಪರ್ ಇದ್ದಳು, ಅವಳು ಕೆಲಸ ಬಿಟ್ಟಳು. ಈಗ ಸ್ಟಿಯರಿಂಗ್ ಹಿಡಿಯುವ ಕೈಯೇ ಚೀಲದೊಳಕ್ಕೂ ಇಳಿಯಬೇಕು. (ಗ್ಲೌಸ್ ಕೊಟ್ಟಿರಲಿಲ್ಲವೇ ಎಂದು ಕೇಳುತ್ತೀರಿ. ಕೊಟ್ಟಿದ್ದರು. ಗಾಡಿ ಉದ್ಘಾಟನೆಯ ದಿನ, ಫೋಟೋಗೆ. ತೆಂಗಿನ ಚಿಪ್ಪು ತಾಗಿ ಅದು ಹರಿದುಹೋಗಿ ಬಹಳ ಕಾಲವಾಯಿತು.)

ಚೀಲದೊಳಗೆ ಕೈ ಯಾಕೆ ಹಾಕಬೇಕಿತ್ತು ಎಂದು ಆಮೇಲೆ ಬಹಳ ಜನ ಕೇಳಿದರು. ಕಸ ಬೇರೆ ಮಾಡುವ ಶೆಡ್ಡಿನಲ್ಲಿ ಹಸಿ ಕಸ ಬೆರೆತ ಚೀಲ ತೆಗೆದುಕೊಳ್ಳುವುದಿಲ್ಲ. ವಾಪಸ್ ಕಳಿಸುತ್ತಾರೆ. ಹಾಗಾಗಿ ಊರಿನ ಜನ ಬೇರೆ ಮಾಡದ್ದನ್ನು ಟ್ಯಾಂಕಿನ ಬುಡದಲ್ಲಿ ಕೂತು ಪುಷ್ಪ ಬೇರೆ ಮಾಡುತ್ತಾಳೆ. ಇದು ಎಲ್ಲರಿಗೂ ಗೊತ್ತು. ದಿನಾ ನೋಡುತ್ತಾರೆ. ಆದರೂ ಕೇಳಿದರು.

ನಾನು ಮನೆಯೊಳಗೆ ಓಡಿ ಸೋಪು ನೀರು ತಂದೆ. ಕೈ ತೊಳೆಸಿದೆ. ಸೂಜಿ ಬಿದ್ದಿದ್ದ ಜಾಗ ನೋಡಿದೆ. ಅದರ ಪಕ್ಕದಲ್ಲಿ, ಚೀಲದಿಂದ ಕೈ ಜೊತೆಗೇ ಹೊರಬಿದ್ದಿದ್ದ ಬಿಸ್ಕತ್ತಿನ ಕವರ್ ಒಂದು ಬಿಚ್ಚಿಕೊಂಡಿತ್ತು. ಎರಡೂ ತುದಿ ಮಡಚಿದ ಗುರುತು ಅದರ ಮೇಲಿತ್ತು, ಕಟ್ಟಿದ್ದ ಹಸಿರು ದಾರ ಸಡಿಲವಾಗಿ ಜೋತಿತ್ತು. ಸೂಜಿ ಅದರೊಳಗಿಂದ ಬಂದಿತ್ತು. ಇನ್ನೊಬ್ಬರಿಗೆ ಚುಚ್ಚದಿರಲಿ ಎಂದು ಸೂಜಿಯನ್ನು ಖಾಲಿ ಉಪ್ಪಿನಕಾಯಿ ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆ.

ಕಡೂರಿನ ಆಸ್ಪತ್ರೆಗೆ ಹೋಗುವುದು ಹೇಗೆ? ಆಗತಾನೆ ಬಸ್ಸು ಹೋಗಿತ್ತು. ಕಾರಿದ್ದ ಮನೆಯವರು ಡ್ರೈವರ್ ಇಲ್ಲ ಎಂದರು. ಕೊನೆಗೆ ಕಸದ ಗಾಡಿಯಲ್ಲೇ ಹೊರಟೆವು. ಕೈಗೆ ಕರ್ಚೀಫ್ ಸುತ್ತಿಕೊಂಡು ಅವಳೇ ಓಡಿಸಿದಳು. ನಾನು ಪಕ್ಕದಲ್ಲಿ, ತೊಡೆಯ ಮೇಲೆ ಉಪ್ಪಿನಕಾಯಿ ಬಾಟಲಿ. ಗಾಡಿ ಸ್ಟಾರ್ಟ್ ಆದದ್ದೇ ತಡ, ಮೇಲಿನ ಮೈಕಿನಲ್ಲಿ ಸ್ವಚ್ಛತೆಯ ಹಾಡು ಶುರುವಾಯಿತು.

"ಆಫ್ ಮಾಡೇ ಅದನ್ನ" ಎಂದೆ.

"ಆಫ್ ಆಗಲ್ಲ ಅಕ್ಕ. ಕೀ ಹಾಕಿದ್ರೆ ಹಾಡೂ ಬತ್ತದೆ. ವೈರು ಹಂಗೇ ಕೊಟ್ಟವ್ರೆ."

ಹಾಗಾಗಿ ನಾವು ಆಸ್ಪತ್ರೆಗೆ ಹಾಡಿಕೊಂಡು ಹೋದೆವು. ದಾರಿಯಲ್ಲಿ ಯಾವುದೋ ಊರಿನ ಹೆಂಗಸೊಬ್ಬಳು ಬಕೆಟ್ಟು ಹಿಡಿದು ಓಡಿಬಂದಳು. ಪುಷ್ಪ ಅಭ್ಯಾಸಬಲದಿಂದ ಬ್ರೇಕ್ ತುಳಿದಳು. ಆಮೇಲೆ ನೆನಪಾಗಿ ಮುಂದೆ ಬಿಟ್ಟಳು. "ಪಾಪ, ಆಯಮ್ಮ ಬೇರೆ ಮಾಡಿಟ್ಕೊಂಡಿದ್ರು ಕಣಕ್ಕ" ಎಂದಳು.

ಡಾಕ್ಟರಮ್ಮ ಒಳ್ಳೆಯವರು. ಗಾಬರಿ ಬೀಳಿಸಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಶುಗರ್ ಇರೋರು ಇನ್ಸುಲಿನ್ ತಗೊಳ್ಳೋ ಸೂಜಿ. ಎಚ್‌ಐವಿ ಥರದ್ದು ಬರೋ ಭಯ ಕಡಿಮೆ. ಆದರೆ ಯಾರದ್ದು ಅಂತ ಗೊತ್ತಾ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆವು.

"ಗೊತ್ತಿಲ್ಲದಿದ್ರೆ ಭಯ ಕಡಿಮೆ ಅಂತ ನಾನು ಸುಮ್ಮನೆ ಬಿಡೋ ಹಾಗಿಲ್ಲ. ಒಂದು ತಿಂಗಳು ಮಾತ್ರೆ ಕೊಡಬೇಕು. ವಾಕರಿಕೆ ಬರುತ್ತೆ, ಸುಸ್ತಾಗುತ್ತೆ. ಆಮೇಲೂ ರಕ್ತ ಪರೀಕ್ಷೆಗೆ ಬರ್ತಾ ಇರಬೇಕು." ಆಮೇಲೆ ಪುಷ್ಪಳ ರವಿಕೆಯ ಮೇಲಿನ ಹಸಿ ಕಲೆ ಅವರ ಕಣ್ಣಿಗೆ ಬಿತ್ತು. "ಮಗುಗೆ ಹಾಲು ಕೊಡ್ತಿದ್ದೀಯಾ?"

"ಹತ್ತು ತಿಂಗಳು ಮೇಡಂ. ಇನ್ನೂ ಕುಡೀತಾಳೆ. ಬೇರೆ ಏನೂ ಸರಿಯಾಗಿ ತಿನ್ನಲ್ಲ."

ಡಾಕ್ಟರಮ್ಮ ಬರೆಯುತ್ತಿದ್ದ ಚೀಟಿಯನ್ನು ಪಕ್ಕಕ್ಕಿಟ್ಟರು. "ಸದ್ಯಕ್ಕೆ ನಿಲ್ಲಿಸಿರು. ಆ ಸೂಜಿ ಯಾರದ್ದೋ ಅವರು ಬಂದು ಇಲ್ಲಿ ಸ್ವಲ್ಪ ರಕ್ತ ಕೊಡಲಿ. ಅದರಲ್ಲಿ ಏನೂ ಇಲ್ಲ ಅಂತ ಬಂದರೆ ಈ ಮಾತ್ರೆನೂ ಬೇಡ, ಹಾಲು ನಿಲ್ಲಿಸೋದೂ ಬೇಡ. ಅವರನ್ನ ಹುಡುಕಿ, ಅಷ್ಟೇ."

ಅವರನ್ನು ಹುಡುಕಿ. ಅಷ್ಟೇ!

ಹುಡುಕುವುದು ಹೇಗೆ ಎಂದು ಗೊತ್ತಾಗಬೇಕಾದರೆ, ಆ ಚೀಲ ಟ್ಯಾಂಕಿನ ಬುಡಕ್ಕೆ ಬಂದದ್ದು ಹೇಗೆ ಎಂದು ಹೇಳಬೇಕು. ಪಂಚಾಯ್ತಿಯ ನಿಯಮದ ಪ್ರಕಾರ ಅದು ಅಲ್ಲಿ ಇರಲೇಬಾರದು. ಗಾಡಿ ಮನೆ ಬಾಗಿಲಿಗೆ ಬರುತ್ತದೆ. ಮನೆಯವರು ಒಣ ಕಸವನ್ನು ಕೈಯಲ್ಲಿ ಕೊಡಬೇಕು. ಹಸಿ ಕಸ ತಿಪ್ಪೆಗೆ. ಸುಡಬಾರದು, ಹೂಳಬಾರದು, ಬೀದಿಗೆ ಹಾಕಬಾರದು. ಒಳ್ಳೆಯ ನಿಯಮ. ನಾನು ಇದೇ ಅಂಕಣದಲ್ಲಿ ಹೊಗಳಿದ್ದೆ.

ಆದರೆ ಯಾವ ಊರಿಗೆ ಯಾವ ದಿನ ಗಾಡಿ?

ನಮ್ಮ ಪಂಚಾಯ್ತಿಗೆ ಹಲವು ಹಳ್ಳಿಗಳು, ಗಾಡಿ ಒಂದೇ. ದಿನ ಹಂಚಲು ಮೀಟಿಂಗ್ ಕರೆದರು. ಉಳಿದ ಊರಿನ ಮೆಂಬರುಗಳು ಹೊತ್ತಿಗೆ ಮುಂಚೆ ಬಂದು ತಮಗೆ ಬೇಕಾದ ದಿನ ಬರೆಸಿದರು. ನಮ್ಮೂರಿನ ಮೆಂಬರ್ ಬಸವರಾಜು ಅವತ್ತು ತರೀಕೆರೆಯಲ್ಲಿ ಬೀಗರೂಟಕ್ಕೆ ಹೋಗಿದ್ದ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಉಳಿದದ್ದು ಎರಡೇ ದಿನ. ಮಂಗಳವಾರ, ಶುಕ್ರವಾರ.

ಯಾಕೆ ಉಳಿದವು ಎಂದು ನಿಮಗೆ ಬಿಡಿಸಿ ಹೇಳಬೇಕೇ? ನಮ್ಮ ಕಡೆ ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಆಚೆ ಕೊಡುವುದಿಲ್ಲ. ಕೈಸಾಲ ಕೊಡುವುದಿಲ್ಲ. ಹೆಪ್ಪಿಗೆ ಮಜ್ಜಿಗೆ ಕೊಡುವುದಿಲ್ಲ. ಗುಡಿಸಿದ ಕಸವನ್ನೂ ಹೊಸಿಲು ದಾಟಿಸಿ ಇನ್ನೊಬ್ಬರ ಕೈಗೆ ಹಾಕುವುದಿಲ್ಲ. ಲಕ್ಷ್ಮಿ ಹೋಗುತ್ತಾಳೆ. (ಚಿಪ್ಸ್ ಕವರಿನ ಜೊತೆಗೂ ಲಕ್ಷ್ಮಿ ಹೋಗುತ್ತಾಳಾ ಎಂದು ಕೇಳಬೇಡಿ. ನಾನು ಕೇಳಿದ್ದೇನೆ. ಬೈಸಿಕೊಂಡಿದ್ದೇನೆ.) ಆ ಮೀಟಿಂಗಿನಲ್ಲಿ ಕೂತಿದ್ದ ಪ್ರತಿಯೊಬ್ಬರೂ ಇಂಥ ಮನೆಯಿಂದಲೇ ಬಂದವರು. ತಮ್ಮ ಊರಿಗೆ ಈ ದಿನಗಳು ಬೇಡ ಎಂದವರು. ನಮ್ಮೂರಿಗೆ ಅದನ್ನೇ ಬರೆದು ಸಹಿ ಹಾಕುವಾಗ ಒಬ್ಬರಿಗೂ ಏನೂ ಅನ್ನಿಸಲಿಲ್ಲ.

ಮೊದಲ ಶುಕ್ರವಾರ ಗಾಡಿ ಹಾಡಿಕೊಂಡು ಬಂತು, ಹಾಡಿಕೊಂಡೇ ಖಾಲಿ ಹೋಯಿತು. ಎರಡನೆಯ ವಾರ ಊರು ಉಪಾಯ ಕಂಡುಹಿಡಿಯಿತು. ಗುರುವಾರ ಸಂಜೆ ದೀಪ ಹಚ್ಚುವ ಮುಂಚೆಯೇ ಎಲ್ಲರೂ ಚೀಲಗಳನ್ನು ತಂದು ಟ್ಯಾಂಕಿನ ಬುಡಕ್ಕೆ ಹಾಕಿದರು. ಶುಕ್ರವಾರ ಗಾಡಿ ಬಂದಾಗ ಅದು ಯಾರ ಮನೆಯ ಕಸವೂ ಅಲ್ಲ, ಟ್ಯಾಂಕಿನ ಕಸ. ಲಕ್ಷ್ಮಿಯೂ ಉಳಿದಳು, ಕಸವೂ ಹೋಯಿತು. ಪಂಚಾಯ್ತಿಯವರು ಬಂದು "ಇಲ್ಲಿ ಕಸ ಹಾಕಿದರೆ ದಂಡ" ಎಂದು ದೊಡ್ಡ ಫ್ಲೆಕ್ಸ್ ಕಟ್ಟಿದರು. ಜನ ಫ್ಲೆಕ್ಸಿನ ಹಿಂದೆ ಹಾಕಲು ಶುರುಮಾಡಿದರು. ಮರೆಯಾಯಿತು, ನೆರಳೂ ಆಯಿತು. ರಾತ್ರಿಯೆಲ್ಲ ನಾಯಿಗಳು ಚೀಲ ಹರಿದು ಎಳೆದಾಡುತ್ತವೆ. ಬೆಳಿಗ್ಗೆ ಯಾವ ಚೀಲ ಯಾರದ್ದು ಎಂದು ಯಾರೂ ಹೇಳುವ ಹಾಗಿಲ್ಲ.

ಸೂಜಿ ಬಂದದ್ದು ಆ ರಾಶಿಯಿಂದ.

ಆದರೂ ನನಗೆ ಧೈರ್ಯವಿತ್ತು. ಊರಿನಲ್ಲಿ ಶುಗರ್ ಇರುವವರು ಯಾರು ಎಂದು ಯಾರಿಗೆ ಗೊತ್ತಿಲ್ಲ? ಮದುವೆ ಊಟದಲ್ಲಿ ಅವರೇ ಹೇಳಿಕೊಳ್ಳುತ್ತಾರೆ: "ನಂಗೆ ಶುಗರ್ ಕಣಪ್ಪ, ಎರಡೇ ಹೋಳಿಗೆ ಹಾಕು." ಹೋಗಿ ಕೇಳಿದರಾಯಿತು ಎಂದುಕೊಂಡೆ. ಶುಕ್ರವಾರ ಮಧ್ಯಾಹ್ನವೇ ಹೊರಟೆ.

ಆಗ ಒಂದು ವಿಷಯ ಕಲಿತೆ. ಶುಗರ್ ಇದೆ ಎನ್ನುವುದು ನಮ್ಮಲ್ಲಿ ಒಂದು ಥರದ ದೊಡ್ಡಸ್ತಿಕೆ. ಸೂಜಿ ತೆಗೆದುಕೊಳ್ಳುತ್ತೇನೆ ಎನ್ನುವುದು ಮಾತ್ರ ಯಾರಿಗೂ ಬೇಡ. ಸೂಜಿ ಅಂದರೆ ಕೈಮೀರಿತು ಅಂತ ಲೆಕ್ಕ. ಮಗಳಿಗೆ ಗಂಡು ನೋಡುವವರು, ಚುನಾವಣೆಗೆ ನಿಲ್ಲುವವರು, ಯಾರಿಗೂ ಅದು ಹೊರಗೆ ಬರುವುದು ಬೇಡ. ಹೋದ ಮನೆಯಲ್ಲೆಲ್ಲ ಒಂದೇ ಉತ್ತರ.

"ನಂದು ಬರೀ ಮಾತ್ರೆ ಕಣಕ್ಕ."

"ಅದು ದನಕ್ಕೆ ಚುಚ್ಚೋ ಸೂಜಿ ಇರ್ಬೇಕು ಬಿಡಿ."

"ಬೇರೆ ಊರೋರು ಬಂದು ಎಸೆದ್ಹೋಗಿರ್ತಾರೆ. ನಮ್ಮೂರಲ್ಲಿ ಅಂಥೋರು ಯಾರವ್ರೆ?"

ಊರಿನ ಅಂಗಡಿ ಕಟ್ಟೆಯ ಮೇಲೆ ಕೊಬ್ಬರಿ ವ್ಯಾಪಾರದ ಚಂದ್ರಣ್ಣ ಕೂತಿದ್ದರು. ಮಾತಿನಲ್ಲಿ ಯಾರಿಗೂ ಸೋಲದವರು. "ಅಲ್ಲ ಮೇಡಂ, ಆ ಹುಡುಗಿ ಚೀಲದೊಳಗೆ ಕೈ ಯಾಕೆ ಹಾಕ್ಬೇಕಿತ್ತು? ಸುರ್ಕೊಂಡು ಹೋಗೋದಪ್ಪ!" ಎಂದರು. ಸುತ್ತ ಇದ್ದವರು ಹೌದು ಹೌದು ಎಂದರು. ನಾನು ಅಲ್ಲಿಂದ ಹೊರಟುಬಂದೆ. ನಿಂತಿದ್ದರೆ ಅವತ್ತು ಜಗಳವಾಗುತ್ತಿತ್ತು.

ಇಷ್ಟಾದರೂ ಯಾರಾದರೂ ಒಬ್ಬರು, ಕತ್ತಲಾದ ಮೇಲಾದರೂ, ಬಂದು ಮೆಲ್ಲಗೆ ಹೇಳಬಹುದಿತ್ತು. ಅದಕ್ಕೂ ಪಂಚಾಯ್ತಿ ಅವಕಾಶ ಕೊಡಲಿಲ್ಲ. ಸಂಜೆ ಅದೇ ಕಸದ ಗಾಡಿಗೆ ಬೇರೆ ಡ್ರೈವರ್ ಹಾಕಿ ಊರೆಲ್ಲ ಸುತ್ತಿಸಿದರು. ಮೈಕಿಗೆ ಹಾಡಿನ ಬದಲು ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡಿ ಹಾಕಿದ್ದರು. ಸೂಜಿ ಎಸೆದವರು ಯಾರೆಂದು ತಿಳಿದುಬಂದಲ್ಲಿ ದಂಡ ವಿಧಿಸಲಾಗುವುದು, ನಲ್ಲಿ ಕನೆಕ್ಷನ್ ಕಡಿತಗೊಳಿಸಲಾಗುವುದು, ಪೊಲೀಸರಿಗೆ ದೂರು ನೀಡಲಾಗುವುದು.

ತಿಳಿದುಬಂದಲ್ಲಿ! ಇನ್ನು ತಿಳಿದುಬರುತ್ತದೆಯೇ?

ಶನಿವಾರ ಪಂಚಾಯ್ತಿ ಆಫೀಸಿಗೆ ಹೋದೆ. ಪಿಡಿಒ ಅಜ್ಜಂಪುರದಿಂದ ಬರುವ ಯುವಕ. ಕೆಟ್ಟವನಲ್ಲ, ನಮ್ಮ ಪಂಚಾಯ್ತಿಯ ಕೆಲಸ ಸಾಲದೆಂದು ಇನ್ನೊಂದು ಪಂಚಾಯ್ತಿಯನ್ನೂ ಅವನ ತಲೆಗೇ ಕಟ್ಟಿದ್ದಾರೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಸರ್, ಇನ್ನೊಂದು ಅನೌನ್ಸ್‌ಮೆಂಟ್ ಮಾಡಿಸಿ. ಬಂದು ಹೇಳಿದವರಿಗೆ ಏನೂ ಮಾಡಲ್ಲ ಅಂತ. ಅಷ್ಟು ಸಾಕು."

"ಹೇಗೆ ಮೇಡಂ ಹೇಳ್ಲಿ? ಬೈಲಾದಲ್ಲಿ ದಂಡ ಅಂತ ಇದೆ. ಮಾಫಿ ಅಂತ ಇಲ್ಲ."

"ಸೂಜಿ ಎಲ್ಲಿ ಹಾಕಬೇಕು ಅಂತ ಇದೆಯಾ?"

ಅವನು ಕಂಪ್ಯೂಟರ್ ನೋಡಿದ. ಮೇಜಿನ ಮೇಲಿದ್ದ ಕರಪತ್ರ ನೋಡಿದ. ಹಸಿ ಕಸ, ಒಣ ಕಸ. ಒಂದು ಕಡೆ ಬಾಳೆಹಣ್ಣಿನ ಸಿಪ್ಪೆಯ ಚಿತ್ರ, ಇನ್ನೊಂದು ಕಡೆ ನೀರಿನ ಬಾಟಲಿಯ ಚಿತ್ರ.

"ನಮ್ಮಲ್ಲಿ ಎರಡೇ ಪ್ರಿಂಟ್ ಹಾಕ್ಸಿರೋದು ಮೇಡಂ. ಬೇರೆಯದ್ದಕ್ಕೆ ಸರ್ಕಾರದ ಸೂಚನೆ ಇದೆ. ನೋಡಿ ಹೇಳ್ತೀನಿ."

"ಎಲ್ಲಿ ಹಾಕಬೇಕು ಅಂತ ಜನರಿಗೆ ಹೇಳದೆ, ತಪ್ಪು ಜಾಗಕ್ಕೆ ಹಾಕಿದರು ಅಂತ ದಂಡ ಹಾಕಬಹುದಾ?"

"ಅದನ್ನ ಮೀಟಿಂಗಲ್ಲಿ ಇಡ್ತೀನಿ" ಎಂದ.

ಮೀಟಿಂಗ್ ಯಾವಾಗ ಎಂದು ಕೇಳಿದೆ. ಮುಂದಿನ ತಿಂಗಳು. "ದಿನ ಬದಲಾಯಿಸೋದನ್ನೂ ಇಡಿ" ಎಂದೆ. ಬರೆದುಕೊಂಡ. ಹೊರಗೆ ಬಂದೆ. ಮೀಟಿಂಗ್ ಆಗುವವರೆಗೆ ಹಸಿಯಬೇಡ ಎಂದು ಆ ಮಗುವಿಗೆ ಹೇಳುವವರು ಯಾರು?

ಭಾನುವಾರ ಸಂಜೆ ಪುಷ್ಪ ಬಂದು ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು. ಗಾಡಿ ಇಲ್ಲ, ಯೂನಿಫಾರ್ಮ್ ಇಲ್ಲ. ಸುಮ್ಮನೆ ಕೂತಳು. ಒಳಗೆ ಬಾ ಎಂದು ಕರೆದೆ. ಬೇಡ ಎಂದಳು.

"ಮನೇಲಿದ್ರೆ ತೆವಳ್ಕೊಂಡು ಬಂದು ಸೆರಗು ಎಳೀತಾಳೆ ಅಕ್ಕ. ಅತ್ತೆ ಬಾಟ್ಲಿ ಹಾಲು ಕುಡಿಸ್ತಾವ್ರೆ. ನಾನು ಕಾಣದೆ ಇದ್ರೆ ಒಂದೀಟು ಕುಡೀತಾಳೆ. ಕಂಡ್ರೆ ಬಾಟ್ಲಿ ಬಿಸಾಕ್ತಾಳೆ."

ಮಾತ್ರೆಯ ವಾಕರಿಕೆಗೆ ಮುಖ ಬಿಳಚಿಕೊಂಡಿತ್ತು. ಎದೆ ಕಟ್ಟಿಕೊಂಡು ನೋಯುತ್ತಿದೆ ಎಂದಳು. ಅವಳ ಮನೆ ನಮ್ಮ ಹಿಂದಿನ ಬೀದಿಯಲ್ಲಿ. ಮಗು ಅಳುವುದು ಟ್ಯಾಂಕಿನವರೆಗೂ ಕೇಳುತ್ತಿತ್ತು. ಅವಳು ಸದ್ದು ಬಂದ ಕಡೆಗೆ ಬೆನ್ನು ಮಾಡಿ ಕೂತಿದ್ದಳು.

ನಮ್ಮ ಪಕ್ಕದ ಮನೆಯ ರುದ್ರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಇದೇ ಬಸವರಾಜುವಿನ ತಾಯಿ, ಬೀಗರೂಟದ ಮೆಂಬರಿನ ತಾಯಿ. ಎಪ್ಪತ್ತು ದಾಟಿದವರು. ನನ್ನನ್ನು ಇವತ್ತಿಗೂ ಹುಡುಗಿ ಎಂದೇ ಕರೆಯುವವರು. ಶುಕ್ರವಾರ ನಾನು ಅವರನ್ನೂ ಕೇಳಿದ್ದೆ. ಅವರು ಬಾಯಿ ತೆರೆಯುವ ಮೊದಲೇ ಒಳಗಿಂದ ಬಸವರಾಜು, "ನಮ್ಮವ್ವಂಗೆ ಮಾತ್ರೆ ಅಷ್ಟೇ" ಎಂದಿದ್ದ.

"ಲೇ ಹುಡ್ಗಿ, ಅವ್ಳು ಯಾಕೆ ಮನೆಗೋಗ್ದೆ ಅಲ್ಲಿ ಕುಂತವ್ಳೆ?" ಎಂದು ರುದ್ರಮ್ಮ ಕಾಂಪೌಂಡಿನ ಆಚೆಯಿಂದ ಕೇಳಿದರು.

ಹೇಳಿದೆ. ಮಾತ್ರೆಯ ವಿಷಯ, ಹಾಲಿನ ವಿಷಯ, ಡಾಕ್ಟರಮ್ಮ ಹೇಳಿದ ಮಾತು, ಎಲ್ಲ. ಸೂಜಿ ಚುಚ್ಚಿದ್ದು ಅವರಿಗೆ ಗೊತ್ತಿತ್ತು. ಹಾಲು ನಿಲ್ಲಿಸಿದ್ದು ಗೊತ್ತಿರಲಿಲ್ಲ. ಸುಲಿಯುತ್ತಿದ್ದ ಅವರೆಕಾಯಿಯನ್ನು ಹಾಗೇ ಬಿಟ್ಟು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಜಗಳಕ್ಕೆ ನನಗೆ ಎಚ್ಚರವಾಯಿತು.

"ಅವ್ವಾ, ಒಳಗೆ ಬಾ ಅಂದೆ. ಮೆಂಬರ್ ತಾಯಿಗೇ ದಂಡ ಬಿತ್ತು ಅಂದ್ರೆ ನಾನು ಊರಲ್ಲಿ ಹೆಂಗೆ ತಲೆ ಎತ್ಲಿ?"

"ತಲೆ ಆಮೇಲೆ ಎತ್ಕೋ. ನಾನು ಹಾಕಿದ್ದು ನಿನ್ನ ಮಾತು ಕೇಳಿ ಕಣೋ. ಮೊದ್ಲು ಗುಂಡಿ ತೋಡಿ ತೆಂಗಿನ ಬುಡದಲ್ಲಿ ಹೂಳ್ತಿರ್ಲಿಲ್ವಾ? ಹೂಳಂಗಿಲ್ಲ, ಪಂಚಾಯ್ತಿ ರೂಲ್ಸು ಅಂದೋನು ಯಾರು?"

"ಹೂಳ್ಬೇಡ ಅಂದೆ. ಗಾಡಿಗೆ ಹಾಕು ಅಂದ್ನಾ?"

"ಇದು ಹಸಿ ಕಸನೋ ಒಣ ಕಸನೋ ಅಂತ ನಿನ್ನೇ ಕೇಳಿದ್ನಲ್ಲೋ! ಫೋನು ಒತ್ಕೊಂಡು ಕೂತು, ಒದ್ದೆ ಏನಿಲ್ವಲ್ಲವ್ವ, ಒಣ ಕಸಕ್ಕೇ ಹಾಕು ಅಂದೆ."

ಯೋಚಿಸಿ ನೋಡಿ, ಆ ಕರಪತ್ರ ಹಿಡಿದುಕೊಂಡು ಸೂಜಿಯನ್ನು ಎರಡರಲ್ಲಿ ಒಂದಕ್ಕೆ ಹಾಕಿ ಎಂದರೆ ನೀವು ಯಾವುದಕ್ಕೆ ಹಾಕುತ್ತೀರಿ? ಇಡೀ ಊರಿನಲ್ಲಿ ಪಂಚಾಯ್ತಿಯ ಮಾತನ್ನು ಅಕ್ಷರಶಃ ಪಾಲಿಸಿದವರು ಅವರೊಬ್ಬರೇ ಇರಬೇಕು. ಹಸಿಯದ್ದು ತಿಪ್ಪೆಗೆ. ಒಣಗಿದ್ದು ಚೀಲಕ್ಕೆ. ಸೂಜಿ ಒಣಗಿತ್ತು.

ರುದ್ರಮ್ಮ ನಮ್ಮ ಗೇಟಿನ ಬಳಿ ಬಂದರು. ಇಸ್ತ್ರಿ ಮಾಡಿದ ಸೀರೆ, ಹಣೆಗೆ ವಿಭೂತಿ, ಕೈಯಲ್ಲಿ ಬ್ಯಾಗು. "ನಡಿಯೇ ಹುಡ್ಗಿ. ಅವ್ಳನ್ನೂ ಕರಿ."

ನಾನು ತಪ್ಪು ಮಾಡಬಾರದಲ್ಲ. ಇನ್ನೊಬ್ಬರ ಸೂಜಿಯಾಗಿದ್ದರೆ ಇವರ ರಕ್ತ ಪರೀಕ್ಷೆ ಮಾಡಿಸಿ ಏನು ಉಪಯೋಗ? "ನಿಮ್ಮದೇ ಅಂತ ಹೇಗೆ ಹೇಳ್ತೀರಿ ರುದ್ರಮ್ಮ?" ಎಂದು ಕೇಳಿದೆ.

"ಯಾರಿಗೂ ಚುಚ್ಚಬಾರ್ದು ಅಂತ ಬಿಸ್ಕತ್ ಕವರಿಗೆ ಹಾಕಿ, ಎರಡು ಕಡೆ ಮಡಚಿ, ಹೂ ಕಟ್ಟೋ ದಾರ ಸುತ್ತಿದ್ದೆ. ಹಸಿರು ದಾರ. ನಾಯಿ ಬಿಚ್ಚಿರ್ಬೇಕು."

ಆ ಕವರಿನ ವಿಷಯ ನಾನಾಗಲೀ ಪುಷ್ಪ ಆಗಲೀ ಯಾರಿಗೂ ಹೇಳಿರಲಿಲ್ಲ. ಡಾಕ್ಟರಮ್ಮನಿಗೂ ಹೇಳಿರಲಿಲ್ಲ.

ಈ ಸಲ ಬಸ್ಸಿನಲ್ಲಿ ಹೋದೆವು. ಕಿಟಕಿ ಪಕ್ಕ ರುದ್ರಮ್ಮ, ನಡುವೆ ಪುಷ್ಪ, ಈಚೆಗೆ ನಾನು. ಅರ್ಧ ದಾರಿಯಲ್ಲಿ ರುದ್ರಮ್ಮ ಹೊರಗೆ ನೋಡುತ್ತಲೇ, "ನನ್ನ ಮೇಲೆ ಸಿಟ್ಟೇನೇ?" ಎಂದರು.

"ಇಲ್ಲ ಅಜ್ಜಿ."

"ಇದ್ರೆ ಬೈದ್ಬಿಡು. ಒಳಗೆ ಇಟ್ಕೋಬ್ಯಾಡ."

"ಬೈತೀನಿ ಬಿಡಿ. ರಿಸಲ್ಟ್ ಬರ್ಲಿ" ಎಂದಳು ಪುಷ್ಪ. ಶುಕ್ರವಾರದಿಂದ ಅವಳು ನಕ್ಕದ್ದು ಅದೇ ಮೊದಲು. ನಗು ಅಂತ ಹೇಳುವಷ್ಟೂ ಇರಲಿಲ್ಲ.

ರಕ್ತ ತೆಗೆದರು. ನಮ್ಮನ್ನು ಹೊರಗೆ ಕಾಯಿಸಿದರು. ಕಾರಿಡಾರಿನ ಬೆಂಚಿನ ಮೇಲೆ ರುದ್ರಮ್ಮ ತೋಳು ಒತ್ತಿ ಹಿಡಿದುಕೊಂಡು ಕೂತಿದ್ದರು. ತಮಗೇನಾದರೂ ಇದ್ದೀತು ಎಂಬ ಭಯ ಅವರಿಗೆ ಆಗ ಬಂದಿತ್ತು ಎಂದು ಕಾಣುತ್ತದೆ. ತುಟಿ ಅಲ್ಲಾಡುತ್ತಿತ್ತು. ಶಿವಶಿವಾ ಎನ್ನುತ್ತಿದ್ದರೋ, ಮಗನನ್ನು ಬೈಯುತ್ತಿದ್ದರೋ, ನನಗೆ ಕೇಳಿಸಲಿಲ್ಲ.

ಡಾಕ್ಟರಮ್ಮ ತಾವೇ ಹೊರಗೆ ಬಂದರು. ಏನೂ ಇಲ್ಲ ಎಂದರು. ಪುಷ್ಪ ಮಾತ್ರೆ ನಿಲ್ಲಿಸಬಹುದು. ಮಗುವಿಗೆ ಹಾಲು ಕೊಡಬಹುದು. ಮುಂದೆ ಒಮ್ಮೆ ಬಂದು ಪರೀಕ್ಷೆ ಮಾಡಿಸಿಕೊಂಡರೆ ಸಾಕು. ರುದ್ರಮ್ಮನ ಕಡೆ ತಿರುಗಿ, "ಇನ್ಮೇಲೆ ಸೂಜೀನ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಮುಚ್ಚಳ ಬಿಗಿದಿಟ್ಟು, ತುಂಬಿದ ಮೇಲೆ ಆಸ್ಪತ್ರೆಗೆ ತಂದುಕೊಡಿ ಅಜ್ಜಿ" ಎಂದರು.

"ಇಷ್ಟೇನಾ? ಇದನ್ನ ಮೊದ್ಲೇ ಯಾರಾದ್ರೂ ಹೇಳಿದ್ರೆ ಆಗ್ತಿತ್ತಲ್ಲವ್ವ" ಎಂದರು ರುದ್ರಮ್ಮ.

ಪುಷ್ಪ ಅಳಲಿಲ್ಲ, ಕೈ ಮುಗಿಯಲಿಲ್ಲ. "ಏಳಿ ಅಜ್ಜಿ, ಬಸ್ಸು ಹೋಗ್ಬಿಡ್ತದೆ. ಅವ್ಳು ಮಲಗೋಕೆ ಮುಂಚೆ ಹೋಗ್ಬೇಕು" ಎಂದು ಅವರ ರಟ್ಟೆ ಹಿಡಿದು ಎಬ್ಬಿಸಿದಳು. ನಮ್ಮೂರಿನ ಸ್ಟಾಪಿನಲ್ಲಿ ಇಳಿದವಳು ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಓಡಿದಳು. ಸ್ವಲ್ಪ ಹೊತ್ತಿಗೆ ಹಿಂದಿನ ಬೀದಿಯಲ್ಲಿ ಅಳು ನಿಂತಿತು.

ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಬೇಕು ಅಂತಲೇ ಆಸೆಯಿತ್ತು. ಒಳ್ಳೆಯ ಸುದ್ದಿ ಬರೆದು ಬಹಳ ದಿನವಾಗಿತ್ತು.

ಆದರೆ ಮೀಟಿಂಗ್ ಆಯಿತಲ್ಲ. ಸೂಜಿ ಎಲ್ಲಿ ಹಾಕಬೇಕು ಎಂಬುದು ಚರ್ಚೆಗೆ ಬರಲಿಲ್ಲ, ಸಮಯ ಸಾಲಲಿಲ್ಲವಂತೆ. ಗಾಡಿಯ ದಿನ ಬದಲಾಯಿಸಲು ಬೇರೆ ಊರಿನವರು ಯಾರೂ ಒಪ್ಪಲಿಲ್ಲವಂತೆ. ಪುಷ್ಪಳಿಗೆ ಹೊಸ ಗ್ಲೌಸ್ ಕೊಡುವುದು "ತಾತ್ವಿಕವಾಗಿ" ಒಪ್ಪಿಗೆಯಾಯಿತಂತೆ. (ತಾತ್ವಿಕ ಗ್ಲೌಸನ್ನು ಯಾವ ಕೈಗೆ ಹಾಕಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ.) ಒಂದು ನಿರ್ಣಯ ಮಾತ್ರ ಪೂರ್ತಿ ಜಾರಿಯಾಯಿತು. ಅಪಾಯಕಾರಿ ತ್ಯಾಜ್ಯವನ್ನು ಸಾರ್ವಜನಿಕ ಸ್ಥಳದಲ್ಲಿ ಹಾಕಿದ್ದಕ್ಕಾಗಿ ರುದ್ರಮ್ಮನ ಮನೆಗೆ ದಂಡದ ನೋಟಿಸು ಬಂತು. ತಪ್ಪಿತಸ್ಥರೇ ಒಪ್ಪಿಕೊಂಡಿರುವುದರಿಂದ ವಿಚಾರಣೆ ಅಗತ್ಯವಿಲ್ಲ ಎಂದು ಅದರಲ್ಲಿ ಬರೆದಿದೆ.

ಕಸದ ನಿಯಮ ಬಂದಾಗಿನಿಂದ ನಮ್ಮೂರಿನಲ್ಲಿ ಬಿದ್ದ ಮೊದಲ ದಂಡ ಇದು. ಟ್ಯಾಂಕಿನ ಬುಡಕ್ಕೆ ಪ್ರತಿ ವಾರ ಚೀಲ ಹಾಕುವವರಿಗೆ ಬಿದ್ದಿಲ್ಲ. ಫ್ಲೆಕ್ಸಿನ ಹಿಂದೆ ಹಾಕುವವರಿಗೆ ಬಿದ್ದಿಲ್ಲ. ಬಾಯಿ ಬಿಟ್ಟವರಿಗೆ ಬಿತ್ತು.

ಪಿಡಿಒಗೆ ಫೋನ್ ಮಾಡಿದೆ. "ನಂಗೂ ಬೇಜಾರೇ ಮೇಡಂ. ಆದ್ರೆ ಸದಸ್ಯರ ತಾಯಿ ಅಂತ ಬಿಟ್ಟರೆ ಪಕ್ಷಪಾತ ಅಂತಾರೆ" ಎಂದ. ಅದೂ ನಿಜವೇ. ಎಲ್ಲವೂ ನಿಜವೇ. ಅದೇ ನನಗೆ ತಲೆ ಕೆಡುತ್ತಿರುವುದು.

ರುದ್ರಮ್ಮ ದಂಡ ಕಟ್ಟಿಬಂದರು. "ಹೋಗ್ಲಿ ಬಿಡೇ, ಮಗು ಹಾಲು ಕುಡೀತಲ್ಲ" ಎಂದರು. ಬಸವರಾಜು ಈಗ ತಾಯಿಯ ಜೊತೆ ಮಾತು ಬಿಟ್ಟಿದ್ದಾನೆ. "ಅದೂ ಒಂದು ಲಾಭನೇ" ಎಂದು ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಮೊನ್ನೆ ಅಂಗಡಿ ಕಟ್ಟೆಯ ಹತ್ತಿರ ಚಂದ್ರಣ್ಣ ಸಿಕ್ಕರು. ಸುತ್ತ ಯಾರೂ ಇರಲಿಲ್ಲ. ದನಿ ತಗ್ಗಿಸಿ ಹೇಳಿದರು.

"ನೋಡಿದ್ರಾ ಮೇಡಂ, ಆಯಮ್ಮನ ಗತಿ? ಅದಕ್ಕೇ ನಾನು ಅವತ್ತು ಬಾಯಿ ಬಿಡ್ಲಿಲ್ಲ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ನೀವೂ ಸೂಜಿ ತಗೊಳ್ತೀರಾ ಚಂದ್ರಣ್ಣ?"

ಅವರು ರಸ್ತೆಯ ಎರಡೂ ಕಡೆ ನೋಡಿದರು.

"ಚುಚ್ಕೊಂಡ ಮೇಲೆ ಸೂಜಿ ಎಲ್ಲಿ ಎಸೀತೀರಾ?"

"ಬಸ್ಸು ಬಂತೇನೋ" ಎಂದು ಎದ್ದು ಹೋದರು. ಬಸ್ಸು ಬಂದಿರಲಿಲ್ಲ.

ಈಗ ಹೇಳಿ, ಆ ದಂಡದಿಂದ ನಮ್ಮೂರು ಕಲಿತದ್ದು ಕಸ ಬೇರೆ ಮಾಡುವುದನ್ನೋ, ಬಾಯಿ ಮುಚ್ಚಿಕೊಂಡಿರುವುದನ್ನೋ?